ಹಂಚಿನ ಮಾಡು ಗರಗಸದ ಹಾಗೆ ಕಾಣುತ್ತಿದೆ, ಹೇಗೆ ಸರಿ ಮಾಡಲಿ?

ಜಗಲಿಕಟ್ಟೆ (ಶಿರಸಿ):
ಅಜ್ಜನ ಮನೆಯನ್ನು ಪಿಕ್ಸೆಲ್ ಆರ್ಟ್‌ನಲ್ಲಿ, ಅಂದರೆ ಪಿಕ್ಸೆಲ್ ಎಂಬ ಪುಟ್ಟ ಚೌಕಗಳನ್ನು ಒಂದೊಂದಾಗಿ ತುಂಬಿ, ಬಿಡಿಸುತ್ತಿದ್ದೇನೆ. ಮಂಗಳೂರು ಹಂಚಿನ ಮಾಡು, ಚಿರೆಕಲ್ಲಿನ ಗೋಡೆ, ಮುಂದೆ ಜಗಲಿ. ಚಿತ್ರದ ಅಳತೆ 96 x 64 ಪಿಕ್ಸೆಲ್. ಏಸ್‌ಪ್ರೈಟ್ ಎಂಬ ಪಿಕ್ಸೆಲ್ ಆರ್ಟ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ, 24 ಬಣ್ಣ ಇವೆ. ಮಾಡಿನ ಓರೆ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತದೆ. ಒಂದೊಂದೇ ಹಂಚು ಬರೆದರೆ ಮಾಡೆಲ್ಲ ಬರೀ ಚುಕ್ಕೆ ಚುಕ್ಕೆ. ಮಳೆಗಾಲಕ್ಕೆ ಮೊದಲು ಮನೆ ಕೆಡವುತ್ತಾರೆ, ಅದಕ್ಕೇ ಇದು ಚೆನ್ನಾಗಿ ಬರಬೇಕು.

ಕಾಳಿದಂಡೆ (ಕಾರವಾರ):
ನಿಮ್ಮ ಚಿತ್ರ ಹಿಗ್ಗಿಸಿ ಎಣಿಸಿದೆ. ಓರೆ ಗೆರೆಯ ಒಂದೊಂದು ಮೆಟ್ಟಿಲಿನ ಅಗಲ 2, 3, 1, 2, 3 ಪಿಕ್ಸೆಲ್ ಹೀಗೆ ಹೋಗಿದೆ. ಮೆಟ್ಟಿಲು ಇರುವುದು ತಪ್ಪಲ್ಲ, ಒಂದೇ ಸಮ ಇಲ್ಲದಿರುವುದು ತಪ್ಪು. ಎರಡು ಪಿಕ್ಸೆಲ್ ಅಡ್ಡ, ಒಂದು ಕೆಳಗೆ, ಕೊನೆತನಕ ಅದೇ ಇಡಿ. ಆಗ ಸುಮಾರು 26.6 ಡಿಗ್ರಿ ಓರೆ ಬರುತ್ತದೆ. ನಮ್ಮ ಕಡೆ ಮಳೆಗೆ ಮಾಡು ಇನ್ನೂ ಕಡಿದಾಗಿ ಇರುತ್ತದಲ್ವಾ? ಹಾಗಿದ್ದರೆ ಮೆಟ್ಟಿಲಿನ ಅಗಲ ಒಮ್ಮೆ 2, ಒಮ್ಮೆ 1, ಹೀಗೆ 2, 1, 2, 1 ಹಾಕಿ ನೋಡಿ.

ಹಂಚು ಮಾತ್ರ ಎಣಿಸಿ ಬರೆಯಬೇಡಿ. ಮಿರ್ಜಾನ್ ಕೋಟೆ ಬಿಡಿಸುವಾಗ ನಾನೂ ಒಂದೊಂದು ಚಿರೆಕಲ್ಲು ಬರೆದಿದ್ದೆ. ಗೋಡೆಗೆ ಕಜ್ಜಿ ಬಂದ ಹಾಗೆ ಕಾಣುತ್ತಿತ್ತು. ಎಲ್ಲ ಅಳಿಸಿ ಬುರುಜಿನ ಅಂಚು, ಅಲ್ಲಲ್ಲಿ ನಾಲ್ಕೈದು ಕಲ್ಲು, ಬುಡದಲ್ಲಿ ಪಾಚಿಯ ಹಸಿರು ಇಷ್ಟೇ ಉಳಿಸಿದೆ. ಆಮೇಲೆ ಅದು ಕೋಟೆಯಾಯಿತು. ನೀವೂ ಸೂರಿನ ಅಂಚಿನಲ್ಲಿ ಮಾತ್ರ ಒಂದು ತಿಳಿ, ಒಂದು ಗಾಢ ಪಿಕ್ಸೆಲ್ ಇಡುತ್ತಾ ಹೋಗಿ. ಮೇಲೆ ಮೂರು ಪಿಕ್ಸೆಲ್‌ಗೊಂದು ತುಂಡು ಗೆರೆ ಸಾಕು. ಬಿಸಿಲು ಬೀಳುವ ಕಡೆ ಖಾಲಿ ಬಿಡಿ, ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ.

24 ಬಣ್ಣ ಜಾಸ್ತಿಯಾಯಿತು. ಮಾಡಿಗೆ ನಾಲ್ಕು ಸಾಕು. ನೆರಳಿಗೆ ಕೆಂಪಿನ ಜೊತೆ ಸುಮ್ನೆ ಕಪ್ಪು ಸೇರಿಸಬೇಡಿ, ಮಂಕಾಗುತ್ತದೆ. ನೇರಳೆ ಕಡೆಗೆ ಸರಿಸಿ.

ಜಗಲಿಕಟ್ಟೆ:
2, 1 ಹಾಕಿದೆ, ಮಾಡು ನಿಜವಾಗಿ ನಮ್ಮನೆಯದೇ ಅನ್ನಿಸಿತು! ಆದರೆ ವಾಟ್ಸ್ಆ್ಯಪ್‌ನಲ್ಲಿ ಅಮ್ಮನಿಗೆ ಕಳಿಸಿದರೆ ಪೂರ್ತಿ ಮಸುಕು.

ಕಾಳಿದಂಡೆ:
ಚಿಕ್ಕ ಚಿತ್ರವನ್ನು ಹಾಗೇ ಕಳಿಸಿದರೆ ಫೋನೇ ಅದನ್ನು ಹಿಗ್ಗಿಸಿ ಬಣ್ಣ ಕಲೆಸುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ 800% ಕೊಡಿ, 768 x 512 ಆಗುತ್ತದೆ. 250% ಥರದ ಅರೆಬರೆ ಅಳತೆ ಬೇಡ, ಪಿಕ್ಸೆಲ್‌ಗಳು ಒಂದು ದೊಡ್ಡದು ಒಂದು ಚಿಕ್ಕದು ಆಗುತ್ತವೆ. ಪಿಎನ್‌ಜಿ (ಬಣ್ಣ ಕೆಡದ ಚಿತ್ರದ ಫೈಲ್) ಮಾಡಿ, ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಜಗಲಿಕಟ್ಟೆ:
ಈಗ ಸ್ಪಷ್ಟವಾಗಿ ಹೋಯಿತು, ತುಂಬಾ ಥ್ಯಾಂಕ್ಸ್. ಜಗಲಿಗೆ ಮೂರಲ್ಲ, ನಾಲ್ಕು ಕಂಬ ಎಂದು ಅಮ್ಮ ಹೇಳಿದರು. ಅದನ್ನೇ ತಿದ್ದುತ್ತಿದ್ದೇನೆ.