ಚೀನಾ, ಏಷ್ಯಾ, ಆಫ್ರಿಕಾದವರ ಅಂತರರಾಷ್ಟ್ರೀಯ ಕಾನೂನು: ಓದು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಎಲ್‌ಎಲ್‌ಎಂ ಮಾಡುತ್ತಿದ್ದೇನೆ. ನಮ್ಮ ಸಿಲಬಸ್ 17ನೇ ಶತಮಾನದ ಡಚ್ ಕಾನೂನು ಪಂಡಿತ ಗ್ರೋಷಿಯಸ್‌ನಿಂದ ಶುರುವಾಗುತ್ತದೆ, ಕೊನೆವರೆಗೂ ಬರೀ ಯುರೋಪಿನವರೇ. ಡಿಸರ್ಟೇಶನ್‌ಗೆ ಚೀನಾ ಮತ್ತು ಮೂರನೇ ಜಗತ್ತಿನ ವಿದ್ವಾಂಸರನ್ನು ಓದಬೇಕು ಅಂತಿದ್ದೇನೆ. ಓದಿದವರು ದಾರಿ ಹೇಳ್ತೀರಾ?

ಧಾರವಾಡದಿಂದ: ಪಾಠ ಮಾಡುವವಳಾಗಿ ಹೇಳುತ್ತೇನೆ, ಸಿದ್ಧಾಂತ ಆಮೇಲೆ ಇರಲಿ. ಮೊದಲು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1966ರಲ್ಲಿ ಕೊಟ್ಟ ನೈಋತ್ಯ ಆಫ್ರಿಕಾ (ಇಂದಿನ ನಮೀಬಿಯಾ) ತೀರ್ಪು ಓದಿ. ಅಲ್ಲಿ ವರ್ಣಭೇದದ ಆಳ್ವಿಕೆ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾದ ಮೇಲೆ ಇಥಿಯೋಪಿಯಾ, ಲೈಬೀರಿಯಾ ಎರಡೂ ದಾವೆ ಹೂಡಿದ್ದವು. ನ್ಯಾಯಾಧೀಶರ ಮತ 7–7 ಆಯಿತು. ಅಧ್ಯಕ್ಷರು ಇನ್ನೊಂದು ಮತ ಹಾಕಿದರು. ನಿಮಗೆ ಇದನ್ನು ಕೇಳುವ ಹಕ್ಕೇ ಇಲ್ಲ ಎಂದು ಆ ದೇಶಗಳನ್ನು ವಾಪಸ್ ಕಳಿಸಿದರು! ಆಗಷ್ಟೇ ಸ್ವತಂತ್ರವಾಗಿದ್ದ ದೇಶಗಳಿಗೆ ಹೇಗ್ ಕೋರ್ಟಿನ ಮೇಲೆ ನಂಬಿಕೆ ಯಾಕೆ ಹೋಯಿತು ಅಂತ ಆಗ ತಿಳಿಯುತ್ತದೆ. ಆಮೇಲೆ ಭಾರತದ ವಿದ್ವಾಂಸರಾದ ಆರ್. ಪಿ. ಆನಂದ್, ಬಿ. ಎಸ್. ಚಿಮ್ನಿ, ಶ್ರೀಲಂಕಾ ಮೂಲದ ಆಂಟನಿ ಆಂಘಿ. ಸಾರ್ವಭೌಮತ್ವದ ನಿಯಮಗಳು ರೂಪುಗೊಂಡಿದ್ದೇ ವಸಾಹತು ಆಳ್ವಿಕೆಯ ಜೊತೆಗೆ ಎನ್ನುವುದು ಆಂಘಿ ಅವರ ವಾದ. ನಿಧಾನವಾಗಿ ಓದಿ.

ಮಂಗಳೂರಿನಿಂದ: ಅದೇ ಕೋರ್ಟಿನಲ್ಲಿ ನಮ್ಮೂರಿನ ಬೆನಗಲ್ ನರಸಿಂಗ ರಾವ್ 1952ರಲ್ಲಿ ನ್ಯಾಯಾಧೀಶರಾಗಿದ್ದರು. ಸುಮ್ನೆ ನೆನಪಾಯಿತು.

ಬೆಂಗಳೂರಿನಿಂದ: ಚೀನಾದವರನ್ನೂ ಮೂರನೇ ಜಗತ್ತಿನ ಪಂಥವನ್ನೂ (ಚಿಮ್ನಿ, ಆಂಘಿ ಥರದವರು) ಒಂದೇ ಗುಂಪಿಗೆ ಸೇರಿಸಬೇಡಿ. ಇಬ್ಬರ ಸಿಟ್ಟಿನ ಮೂಲ ಒಂದೇ ಥರ ಕಾಣುತ್ತದೆ, ಅಷ್ಟೇ. ಚೀನಾಕ್ಕೆ ಅದು ಅಸಮಾನ ಒಪ್ಪಂದಗಳ, ಅಂದರೆ ಬಲಿಷ್ಠ ದೇಶಗಳು ಅದರ ಮೇಲೆ ಹೇರಿದ ಒಪ್ಪಂದಗಳ ಕಥೆ. 1842ರ ನಾನ್‌ಜಿಂಗ್ ಒಪ್ಪಂದದಿಂದ ಶುರುವಾದ ಈ ಸರಣಿಯಲ್ಲಿ ವಿದೇಶಿಯರಿಗೆ ಸಿಕ್ಕ ಕಾನೂನು ವಿನಾಯಿತಿಯನ್ನು (ಚೀನಾದ ಕೋರ್ಟು ಅವರನ್ನು ವಿಚಾರಿಸುವಂತಿರಲಿಲ್ಲ) ಬ್ರಿಟನ್, ಅಮೆರಿಕ ಬಿಟ್ಟುಕೊಟ್ಟಿದ್ದು 1943ರಲ್ಲಿ. ಆದರೆ ಅದೇ ಕಾನೂನನ್ನು ಚೀನಾ ತಿರುಗಿಸಿ ಬಳಸಿದ್ದೂ ಉಂಟು. 1864ರಲ್ಲಿ ಪ್ರಷ್ಯಾ ಚೀನಾದ ಕಡಲಲ್ಲಿ ಡೆನ್ಮಾರ್ಕಿನ ಹಡಗುಗಳನ್ನು ಹಿಡಿಯಿತು. ಪಾಶ್ಚಾತ್ಯರ ಕಾನೂನು ಪುಸ್ತಕದ ಚೀನೀ ಅನುವಾದ ಆಗ ಸಿದ್ಧವಾಗುತ್ತಿತ್ತು. ಚೀನಾದ ಅಧಿಕಾರಿಗಳು ಅದನ್ನೇ ಮುಂದಿಟ್ಟು ಹಡಗು ಬಿಡಿಸಿದರು. ಮಜಾ ಅಲ್ವಾ? ಚೀನಾದ ವಿದ್ವಾಂಸ ವಾಂಗ್ ತಿಯೆಯಾ 1990ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿಯಲ್ಲಿ ಕೊಟ್ಟ ಉಪನ್ಯಾಸ ಈ ಇತಿಹಾಸಕ್ಕೆ ಒಳ್ಳೆಯದು. ಈಚಿನದಕ್ಕೆ ಚೀನಾದವರೇ ಆದ ಶುಯೆ ಹಾನ್‌ಚಿನ್ ಅವರನ್ನು ಓದಿ.

ಚೀನಾದ ಈ ವಿದ್ವಾಂಸರ ಬರಹದಲ್ಲಿ ದೇಶದ ಸಾರ್ವಭೌಮತ್ವ, ಹೊರಗಿನವರ ಮಧ್ಯಪ್ರವೇಶ ಬೇಡ ಎನ್ನುವುದೇ ಜಾಸ್ತಿ. ಚಿಮ್ನಿ ಅಲ್ಲಿಗೆ ನಿಲ್ಲುವುದಿಲ್ಲ. ಸಾರ್ವಭೌಮ ದೇಶದ ಸರ್ಕಾರದಡಿ ಬದುಕುವ ಜನರಿಗೆ ಏನು ಸಿಕ್ಕಿತು ಅಂತ ಕೇಳುತ್ತಾರೆ.

ಪ್ರಶ್ನೆ ಕೇಳಿದವರು: ಹಾಗಾದರೆ ಫಿಲಿಪ್ಪೀನ್ಸ್ ಚೀನಾದ ಮೇಲೆ ಹೂಡಿದ್ದ ದಕ್ಷಿಣ ಚೀನಾ ಸಮುದ್ರದ ದಾವೆಯ 2016ರ ತೀರ್ಪು ಹಿಡಿಯಲಾ? ನನಗೆ ಚೀನೀ ಭಾಷೆ ಬರಲ್ಲ.

ಬೆಂಗಳೂರಿನಿಂದ: ಹಿಡಿಯಿರಿ. ದಾವೆ ಹೂಡಿದ ಫಿಲಿಪ್ಪೀನ್ಸ್ ಕೂಡ ವಸಾಹತಾಗಿದ್ದ ದೇಶವೇ, ಹಾಗಾಗಿ ಬಡವ-ಬಲಿಷ್ಠ ಎಂಬ ಸುಲಭದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಐವರು ಪಂಚರಲ್ಲಿ ನಾಲ್ವರು ಯುರೋಪಿನವರು, ಅಧ್ಯಕ್ಷರು ಮಾತ್ರ ಘಾನಾದವರು. ಚೀನಾ ವಿಚಾರಣೆಗೇ ಹೋಗಲಿಲ್ಲ. ತೀರ್ಪು ಪೂರ್ತಿ ಓದಲು ಹೋಗಬೇಡಿ, ಚಾರಿತ್ರಿಕ ಹಕ್ಕುಗಳ (ಹಿಂದಿನಿಂದಲೂ ಆ ಸಮುದ್ರ ನಮ್ಮದೇ ಎಂಬ ಚೀನಾದ ವಾದದ) ಭಾಗ ಸಾಕು. ಅದರ ಪಕ್ಕದಲ್ಲಿ ಚೀನಾದ ಅಂತರರಾಷ್ಟ್ರೀಯ ಕಾನೂನು ಸಂಘ 2018ರಲ್ಲಿ ಪ್ರಕಟಿಸಿದ ಉದ್ದನೆಯ ಟೀಕೆ ಇಡಿ. ಅದು ಇಂಗ್ಲಿಷಿನಲ್ಲೇ ಇದೆ. ಹೊರಗಿನವರನ್ನು ಒಪ್ಪಿಸಲು ಬರೆದದ್ದು ಅನ್ನುವುದು ಮಾತ್ರ ಗಮನದಲ್ಲಿರಲಿ. ಇಂಗ್ಲಿಷಿನಲ್ಲಿ ಇರುವುದನ್ನಷ್ಟೇ ಓದಿದ್ದೇನೆ ಅಂತ ಮೊದಲ ಅಧ್ಯಾಯದಲ್ಲೇ ಬರೆದುಬಿಡಿ, ವೈವಾದಲ್ಲಿ ಕೇಳೇ ಕೇಳುತ್ತಾರೆ.