ಲಾಭ 2,40,000, ಬ್ಯಾಂಕಲ್ಲಿ 15,000!

ಚಿಕ್ಕಪ್ಪ (ಮನೆಯವರ ಗ್ರೂಪಿಗೆ ಫಾರ್ವರ್ಡ್ ಮಾಡಿದ ಚಿತ್ರ): ಸಣ್ಣ ಉದ್ಯಮವೊಂದರ ವರ್ಷದ ಲೆಕ್ಕ. ಲಾಭ 2,40,000. ವರ್ಷದ ಮೊದಲು ಬ್ಯಾಂಕಿನಲ್ಲಿದ್ದದ್ದು 2,05,000, ಕೊನೆಗೆ 15,000. ಕದ್ದವರು ಯಾರು?

ಚಿಕ್ಕಪ್ಪ: ಇನ್ಯಾರು, ಲೆಕ್ಕ ಬರೆದವನೇ. ಲಾಭ ಬಂದ್ಮೇಲೆ ದುಡ್ಡು ಇಳಿಯೋದು ಹೇಗೆ?

ಅತ್ತಿಗೆ: ಯಾರೂ ಕದ್ದಿಲ್ಲ ಚಿಕ್ಕಮಾವ. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಪಟ್ಟಿ ಇದೆ, ಜೂಮ್ ಮಾಡಿ.

ಭಾವ: ಸವಕಳಿ, ಅಂದ್ರೆ ಮಶೀನು ಸವೆದದ್ದಕ್ಕೆ ಬರೆದ ಖರ್ಚು, 60,000 ಅಂತಿದೆ. ಅದೇ ತಿಂದಿರೋದು.

ಅತ್ತಿಗೆ: ಉಲ್ಟಾ. ಮಶೀನು ಕೊಂಡಾಗಲೇ ಆ ದುಡ್ಡು ಹೋಗಿತ್ತು, ಈ ವರ್ಷ ಯಾರಿಗೂ ಕೊಟ್ಟಿಲ್ಲ. ಲಾಭಕ್ಕೆ ವಾಪಸ್ ಕೂಡಿಸಿ: 3,00,000. ಗಿರಾಕಿಗಳ ಬಾಕಿ 1,80,000 ಏರಿದೆ. ಬಿಲ್ ಹಾಕಿದ ದಿನವೇ ಲಾಭಕ್ಕೆ ಸೇರಿದೆ, ದುಡ್ಡು ಬಂದಿಲ್ಲ. ಕಳೆದರೆ 1,20,000. ಸ್ಟಾಕ್ 90,000 ಏರಿದೆ. ಮಾರೋ ತನಕ ಅದು ಖರ್ಚಲ್ಲ, ಆದ್ರೆ ಕೊಂಡಿರೋದಂತೂ ನಿಜ. 30,000. ಸಪ್ಲೈಯರ್‌ಗೆ ಕೊಡಬೇಕಾದ್ದು 50,000 ಏರಿದೆ, ಅಷ್ಟು ಇನ್ನೂ ನಮ್ಮ ಹತ್ರಾನೇ ಇದೆ. 80,000.

ಚಿಕ್ಕಪ್ಪ: ಹಾಗಾದ್ರೆ 80,000 ಏರಬೇಕಿತ್ತು. 1,90,000 ಇಳಿದಿದೆಯಲ್ಲಮ್ಮ!

ಅತ್ತಿಗೆ: ಮುಗಿದಿಲ್ಲ. ಸಾಲದ ಅಸಲು ಕಟ್ಟಿದ್ದು 1,20,000. ಲಾಭದಲ್ಲಿ ಕಳೆಯೋದು ಬಡ್ಡಿ ಮಾತ್ರ, ಅಸಲು ಅಲ್ಲಿಗೆ ಬರೋದೇ ಇಲ್ಲ. ಮಾಲೀಕ ಮನೆಖರ್ಚಿಗೆ ತೆಗೆದದ್ದು 1,50,000, ಅದೂ ಬರಲ್ಲ. ಎರಡೂ ಸೇರಿ 2,70,000.

ನಾನು: ಮೈನಸ್ 1,90,000. ಕರಾರುವಾಕ್ಕಾಗಿ ತಾಳೆ ಆಯ್ತು.

ಚಿಕ್ಕಪ್ಪ: ಅಂದ್ರೆ ಮಾಲೀಕನೇ ಕಳ್ಳ.

ಭಾವ: ಲಾಭಕ್ಕಿಂತ ಕಮ್ಮೀನೇ ತೆಗೆದಿದ್ದಾನಲ್ಲ ಮಾವ. ಮುಂದಿನ ವರ್ಷ ವ್ಯಾಪಾರ ಡಬಲ್ ಮಾಡಿದ್ರೆ ಎಲ್ಲ ಸರಿಹೋಗುತ್ತೆ.

ಅತ್ತಿಗೆ: ಮುಳುಗೋದೇ ಅಲ್ಲಿ. ಮಾಲು 45 ದಿನ ಗೋಡೌನಲ್ಲಿ, ಆಮೇಲೆ 60 ದಿನ ಉದ್ರಿ, ಸಪ್ಲೈಯರ್ ಕಾಯೋದು 30 ದಿನ ಅಂತಿಟ್ಕೊಳ್ಳಿ. 75 ದಿನ ಕೈಯಿಂದ ಹಾಕಿರಬೇಕು. ದಿನಕ್ಕೆ 4,000ದ ಮಾಲು ಹೋದ್ರೆ 3,00,000 ಸಿಕ್ಕಿಹಾಕ್ಕೊಂಡಿರುತ್ತೆ. ಡಬಲ್ ಮಾಡಿದ್ರೆ 6,00,000. ಇರೋದು 15,000.

ಭಾವ: 10 ದಿನದಲ್ಲಿ ಕಟ್ಟಿದವರಿಗೆ ಶೇ. 2 ಬಿಟ್ಟುಬಿಡಿ, ದುಡ್ಡು ಬೇಗ ಬರುತ್ತೆ.

ಅತ್ತಿಗೆ: 100ರ ಬಿಲ್ಲಿಗೆ 60 ದಿನದ ಬದಲು 10 ದಿನಕ್ಕೆ, ಅಂದ್ರೆ 50 ದಿನ ಮೊದಲೇ 98 ಪಡೆಯೋಕೆ 2 ಬಿಟ್ಟ ಹಾಗಾಯ್ತು. ವರ್ಷದ ಲೆಕ್ಕದಲ್ಲಿ ಸುಮಾರು ಶೇ. 15 ಬಡ್ಡಿ. ಓವರ್‌ಡ್ರಾಫ್ಟ್, ಅಂದ್ರೆ ಖಾತೆಯಲ್ಲಿ ಇರೋದಕ್ಕಿಂತ ಹೆಚ್ಚು ತೆಗೆಯೋಕೆ ಬ್ಯಾಂಕ್ ಕೊಡೋ ಸಾಲ, ಅದಕ್ಕಿಂತ ಅಗ್ಗವಾಗಿ ಸಿಕ್ಕರೆ ಅದೇ ವಾಸಿ. ಹೇಗೂ 30 ದಿನಕ್ಕೆ ಕಟ್ಟೋ ಗಿರಾಕಿಗೂ ಬಿಟ್ರೆ ದುಡ್ಡು ಬರೋದು 20 ದಿನ ಮಾತ್ರ ಮೊದಲು, ಬಡ್ಡಿ ಶೇ. 37 ಆಗುತ್ತೆ, ಒಳ್ಳೆಯವನಿಗೇ ದಂಡ ಕಟ್ಟಿದ ಹಾಗೆ. ಮೊದಲು ಬಾಕಿ ಪಟ್ಟಿಯನ್ನ 30, 60, 90 ದಿನ ಅಂತ ವಿಂಗಡಿಸಬೇಕು. 90 ದಾಟಿದವನಿಗೆ ಹಳೇದು ಕಟ್ಟೋ ತನಕ ಹೊಸ ಮಾಲು ಬಂದ್.

ಭಾವ: ಅವನು ಬೇರೆ ಕಡೆ ಹೋದ್ರೆ?

ಅತ್ತಿಗೆ: ಹೋಗಲಿ, ಉದ್ರಿ ಅಲ್ಲಿ ಹೇಳ್ಲಿ.

ಚಿಕ್ಕಪ್ಪ: ಎಲ್ಲ ಸರಿ. ಆ 90,000ದ ಸ್ಟಾಕ್ ಯಾರಾದ್ರೂ ಎಣಿಸಿದ್ದಾರಾ?

ನಾನು: ಲೆಕ್ಕ ತಾಳೆ ಆಯ್ತಲ್ಲ ಚಿಕ್ಕಪ್ಪ.

ಅತ್ತಿಗೆ: ಇಲ್ಲ, ಅವರು ಕೇಳಿದ್ದು ಸರಿಯಾಗಿದೆ. ಸ್ಟಾಕ್ 90,000 ಸುಳ್ಳೇ ಏರಿಸಿ ಬರೆದಿದ್ರೆ ಲಾಭವೂ ಅಷ್ಟೇ ಏರಿರುತ್ತೆ. ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆಯುತ್ತೆ, ಉತ್ತರ ಅದೇ ಬರುತ್ತೆ. ಮಾಲೇ ಮಾಯ ಆಗಿದ್ರೂ ತಾಳೆ ಆಗುತ್ತೆ. ಯಾರೂ ಕದ್ದಿಲ್ಲ ಅಂದಿದ್ದನ್ನ ವಾಪಸ್ ತಗೋತೀನಿ, ಗೋಡೌನಲ್ಲಿ ಎಣಿಸಿದ್ಮೇಲೆ ಹೇಳ್ಬೇಕು.

ಚಿಕ್ಕಪ್ಪ: ಹಾಂ! ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡಿದ್ದೀನಿ.