ಹಳೆಯ ಸ್ಪೋರ್ಟ್ಸ್ ಕಾರಿನ ಮೈಕಟ್ಟು: ಹಿಂಚಕ್ರದ ಮೇಲಿನ ಆ ಉಬ್ಬಿಗೆ ನೀವೇನಂತೀರಿ?

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಿಂದ ಬರೆಯುತ್ತಿದ್ದೇನೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಫೋಟೊಗಳನ್ನು ನಮ್ಮೂರಲ್ಲಿ ಒಂದು ಕಡೆ ಇಟ್ಟು ತೋರಿಸೋಣ ಅಂತ ಕೆಲವರು ಸೇರಿ ಹೊರಟಿದ್ದೇವೆ. ಪ್ರತಿ ಫೋಟೊದ ಕೆಳಗೆ ನಾಲ್ಕೈದು ಸಾಲು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಇಂಜಿನ್ ಬಗ್ಗೆ ಬರೆಯೋದು ಕಷ್ಟವಿಲ್ಲ. ಸಿಲಿಂಡರು, ಕಾರ್ಬ್ಯುರೇಟರು ಎಲ್ಲಾ ಆಗಲೇ ಕನ್ನಡದವೇ ಆಗಿಹೋಗಿವೆ. ತೊಡಕಾಗೋದು ಆಕಾರದ ಬಗ್ಗೆ ಬರೆಯುವಾಗ. ಪೇಪರಿನಲ್ಲಿ ಯಾವ ಕಾರು ಬಂದರೂ ‘ಆಕರ್ಷಕ ವಿನ್ಯಾಸ’ ಅಂತ ಬರೆದು ಮುಗಿಸುತ್ತಾರೆ. ಓದಿದವರಿಗೆ ಕಾರು ಹೇಗಿದೆ ಅಂತ ಒಂದಿಷ್ಟೂ ಗೊತ್ತಾಗಲ್ಲ.

ನನಗೆ ಮುಖ್ಯವಾಗಿ ಬೇಕಾದ ಪದ ಮೊದಲೇ ಹೇಳಿಬಿಡ್ತೀನಿ. 1961ರಲ್ಲಿ ಜಿನೀವಾದಲ್ಲಿ ಮೊದಲು ತೋರಿಸಿದ ಜಾಗ್ವಾರ್ ಇ-ಟೈಪ್ ಕಾರನ್ನು ಪಕ್ಕದಿಂದ ನೋಡಿ. ಉದ್ದನೆಯ ಬಾನೆಟ್, ಹಿಂದಕ್ಕೆ ಸರಿದು ಕೂತ ಪುಟ್ಟ ಕ್ಯಾಬಿನ್, ಬಾಗಿಲು ದಾಟಿದ ಕೂಡಲೇ ಹಿಂದಿನ ಚಕ್ರದ ಮೇಲೆ ಮೈ ತುಂಬಿಕೊಂಡು ಮೇಲಕ್ಕೇಳುತ್ತದೆ. ನೆಗೆಯೋ ಮೊದಲು ಹಿಂಗಾಲಿಗೆ ಬಲ ಎಳೆದುಕೊಂಡ ಪ್ರಾಣಿಯ ಹಾಗೆ. ಇಂಗ್ಲಿಷಿನವರು ಇದಕ್ಕೆ ಹಾಂಚ್ ಅಂತಾರೆ. ಕುದುರೆ, ಜಿಂಕೆಗಳ ಸೊಂಟಕ್ಕೆ ಹಿಂಗಾಲು ಸೇರುವ ಆ ತುಂಬಿದ ಭಾಗ. ಅದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

ವಿರಾಜಪೇಟೆಯ ಒಂದು ಟಿಂಕರಿಂಗ್ ಶಾಪಿನಲ್ಲಿ ಮೇಸ್ತ್ರಿಗೆ ಫೋಟೊ ತೋರಿಸಿ ಕೇಳಿದೆ. ‘ಹಿಂದಿನ ಮಡ್‌ಗಾರ್ಡ್ ಅಲ್ವಾ ಸಾರ್’ ಅಂದರು. ಭಾಗದ ಹೆಸರಾಗಿ ಅದು ಸರಿ. ಎಂಜಿ ಟಿಸಿಯಂಥ 1940ರ ದಶಕದ ಕಾರಿಗೆ ಚೆನ್ನಾಗಿಯೇ ಒಪ್ಪುತ್ತದೆ, ಅದರಲ್ಲಿ ಮಡ್‌ಗಾರ್ಡ್ ಬೇರೆಯೇ ತಗಡು, ಮೈಯಿಂದ ಹೊರಗೆ ನಿಂತಿರುತ್ತದೆ. ಇ-ಟೈಪ್ ಹೊತ್ತಿಗೆ ಅದು ಮೈಯೊಳಗೆ ಕರಗಿಹೋಗಿತ್ತು. ನನಗೆ ಹೇಳಬೇಕಿರೋದು ಆ ಕರಗಿದ ಮೇಲೆ ಉಳಿದ ತುಂಬುವಿಕೆ.

‘ಉಬ್ಬು’ ಅನ್ನಬಹುದು. ಆದರೆ ಅದೇ ಕಾರಿನ ಬಾನೆಟ್ ನಡುವೆಯೂ ಇಂಜಿನ್ನಿಗೆ ಜಾಗ ಬಿಡಲು ಒಂದು ಉಬ್ಬು ಇದೆ. ಎರಡಕ್ಕೂ ಒಂದೇ ಪದವಾದರೆ ಓದುವವರಿಗೆ ಗೊಂದಲ. ‘ಹೊಟ್ಟೆ’ ಬೇಡ. ಗೋಡೆ ಹೊಟ್ಟೆ ಬಿಟ್ಟಿದೆ ಅಂದರೆ ಬೀಳುವ ಗೋಡೆ, ಅಲ್ಲಿ ದೋಷದ ವಾಸನೆ ಇದೆ. ‘ತೊಡೆ’ ಹತ್ತಿರ ಬರುತ್ತದೆ, ಆದರೆ ಸ್ವಲ್ಪ ಕೆಳಗಾಯಿತು. ನನ್ನ ಮನಸ್ಸು ನಿಂತಿರೋದು ‘ಚಪ್ಪೆ’ ಮೇಲೆ. ಎತ್ತು, ಎಮ್ಮೆಗಳ ಸೊಂಟದ ಎಲುಬಿನ ಕಡೆಗೆ ಚಪ್ಪೆ ಅಂತಾರೆ. ದನ ಬಲ್ಲವರು ದನದ ಮೈ ನೋಡುವಾಗ ಬಳಸುವ ಪದ. ಅರ್ಥ ಸರಿಯಾಗಿ ಕೂಡುತ್ತದೆ. ಆದರೆ ನಮ್ಮ ಪಕ್ಕದ ಸುಳ್ಯ, ಮಂಗಳೂರು ಕಡೆ ಚಪ್ಪೆ ಅಂದರೆ ಉಪ್ಪು ಖಾರ ಇಲ್ಲದ್ದು, ಸಪ್ಪೆ. ಆ ಕಡೆ ನೆಂಟಸ್ತನ ಇರುವವರು ಕೊಡಗಿನಲ್ಲಿ ತುಂಬಾ ಜನ. ‘ಈ ಕಾರಿನ ಚಪ್ಪೆ ನೋಡಿ’ ಅಂತ ಬರೆದರೆ ಕಾರು ಸಪ್ಪೆಯಾಗಿದೆ ಅಂತ ಅರ್ಥ ಮಾಡಿಕೊಳ್ಳಬಹುದು. ಇಷ್ಟು ಚೆಂದದ ಕಾರಿಗೆ ಹಾಗಾಗಬಾರದು.

ಸಂಸ್ಕೃತದಿಂದ ಹೊಸ ಪದ ಕಟ್ಟಿಕೊಡಬೇಡಿ ಅಂತ ಕೇಳಿಕೊಳ್ತೀನಿ. ಕಾರಿನ ಆಕಾರಕ್ಕೆ ಹೆಸರಿಟ್ಟವರು ಯಾರೂ ನಿಘಂಟು ತೆರೆದು ಕೂತಿರಲಿಲ್ಲ. 1966ರ ಆಲ್ಫಾ ರೋಮಿಯೊ ಸ್ಪೈಡರ್‌ನ ಹಿಂಭಾಗ ದುಂಡಗೆ ಸಣ್ಣಗಾಗುತ್ತಾ ಹೋಗುತ್ತದೆ. ಇಟಲಿಯವರು ಅದನ್ನು ‘ಓಸೊ ದಿ ಸೆಪ್ಪಿಯ’ ಅಂದರು, ಅಂದರೆ ನಮ್ಮ ಕರಾವಳಿಯ ಬೊಂಡಾಸ್ ಜಾತಿಗೆ ಸೇರಿದ ಒಂದು ಕಡಲಜೀವಿಯ ಎಲುಬು. ಆಮೇಲೆ ಅದೇ ಕಾರಿನ ಹಿಂಭಾಗವನ್ನು ಕತ್ತರಿಸಿದ ಹಾಗೆ ಮಾಡಿದಾಗ ‘ಕೋಡ ತ್ರೋಂಕ’ ಅಂದರು, ಕತ್ತರಿಸಿದ ಬಾಲ. ಮೀನು ಪೇಟೆಯಲ್ಲಿ ಸಿಗುವ ಮಾತುಗಳು ಇವು. 1954ರ ಮರ್ಸಿಡಿಸ್ 300 ಎಸ್‌ಎಲ್‌ಗೆ ಕೊಳವೆ ಜೋಡಿಸಿ ಮಾಡಿದ ಫ್ರೇಮು ಪಕ್ಕದಲ್ಲಿ ತುಂಬಾ ಮೇಲಕ್ಕೆ ಬಂದಿದ್ದರಿಂದ ಮಾಮೂಲಿ ಬಾಗಿಲು ಇಡಲು ಆಗಲಿಲ್ಲ, ಬಾಗಿಲನ್ನು ಮೇಲಕ್ಕೆ ತೆರೆಯುವಂತೆ ಮಾಡಿದರು. ಇಂಗ್ಲಿಷಿನವರಿಗೆ ಅದರಲ್ಲಿ ಕಡಲಹಕ್ಕಿ ಕಂಡಿತು, ಫ್ರೆಂಚರಿಗೆ ಚಿಟ್ಟೆ ಕಂಡಿತು. ನಾನು ‘ರೆಕ್ಕೆ ಬಾಗಿಲು’ ಅಂತ ಬರೆದಿದ್ದೇನೆ. ಅದಕ್ಕೆ ಯಾರ ತಕರಾರೂ ಇರಲಾರದು.

ಕತ್ತರಿಸಿದ ಬಾಲಕ್ಕೆ ನಮ್ಮ ‘ಮೋಟು ಬಾಲ’ ಇದ್ದೇ ಇದೆ. ಇದರ ಹಿಂದಿನ ವಿಷಯವೂ ಸ್ವಾರಸ್ಯದ್ದು. ಗಾಳಿ ಸಲೀಸಾಗಿ ಹಾದುಹೋಗಬೇಕಾದರೆ ಕಾರಿಗೆ ಉದ್ದನೆ ಚೂಪು ಬಾಲ ಬೇಕು, ಆದರೆ ಅಷ್ಟುದ್ದದ ಬಾಲ ರಸ್ತೆಯಲ್ಲಿ ತೊಂದರೆ. 1930ರ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್ ಮತ್ತು ಅವರ ಜೊತೆಯವರು ಬಾಲವನ್ನು ಸರಿಯಾದ ಜಾಗದಲ್ಲಿ ಥಟ್ಟನೆ ಕತ್ತರಿಸಿದರೂ ಉದ್ದ ಬಾಲದ ಲಾಭ ಬಹುಪಾಲು ಉಳಿಯುತ್ತದೆ ಅಂತ ತೋರಿಸಿದರು. ಹಾಗಾಗಿ ಮೋಟು ಬಾಲ ಬರೀ ಅಂದಕ್ಕೆ ಬಂದದ್ದಲ್ಲ. 1962ರ ಫೆರಾರಿ 250 ಜಿಟಿಒ ಹಿಂದಿನಿಂದ ಅಷ್ಟು ಬಿಗಿಯಾಗಿ ಕಾಣೋದು ಇದರಿಂದಲೇ. 1971ರಲ್ಲಿ ಮೊದಲು ತೋರಿಸಿದ ಲಂಬೋರ್ಗಿನಿ ಕೂಂಟಾಷ್‌ನ ಇಡೀ ಆಕಾರಕ್ಕೆ ‘ಬೆಣೆ’ ಸಾಕು. ಸೌದೆ ಸೀಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. (ಆ ಕಾರಿನ ಹೆಸರೇ ಇಟಲಿಯ ಪಿಯೆಮೊಂಟೆ ಕಡೆಯವರು ಬೆರಗಾದಾಗ ಆಡುವ ಮಾತು, ನಮ್ಮ ‘ಅಬ್ಬಬ್ಬಾ’ ಇದ್ದ ಹಾಗೆ.)

ಇನ್ನೊಂದು ಪದದ ಬಗ್ಗೆ ನನಗೆ ಅನುಮಾನವೇ ಇಲ್ಲ. ಪಿನಿನ್‌ಫರೀನ, ಬೆರ್ತೋನೆ, ತೂರಿಂಗ್, ಸ್ಕಾಲಿಯೆಟ್ಟಿ, ಇಟಲಿಯ ಈ ಕಂಪನಿಯವರನ್ನೆಲ್ಲ ಕೆಲವರು ‘ವಿನ್ಯಾಸ ಸಂಸ್ಥೆ’ ಅಂತ ಬರೆಯುತ್ತಾರೆ. ನಮ್ಮಲ್ಲಿ ಲಾರಿ, ಬಸ್ಸಿಗೆ ಚಾಸಿ ತಂದು ‘ಬಾಡಿ ಕಟ್ಟಿಸ್ತಾರೆ’. ಇವರು ಮಾಡುತ್ತಿದ್ದದ್ದೂ ಅದೇ ಕಸುಬು. ಸ್ಕಾಲಿಯೆಟ್ಟಿಯ ಕೆಲಸಗಾರರು ಫೆರಾರಿಗೆ ಅಲ್ಯೂಮಿನಿಯಂ ತಗಡನ್ನು ಮರಳು ಚೀಲದ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ಆಕಾರ ಕೊಡುತ್ತಿದ್ದರು. ಮಿಲಾನಿನ ತೂರಿಂಗ್‌ನವರು ಸಣ್ಣ ಕೊಳವೆಗಳ ಹಂದರ ಮಾಡಿ ಅದರ ಮೇಲೆ ತಗಡು ಹೊದಿಸುತ್ತಿದ್ದರು. ‘ಬಾಡಿ ಕಟ್ಟುವವರು’ ಅಂದರೆ ಅವರ ಮರ್ಯಾದೆ ಕಡಿಮೆಯಾಗಲ್ಲ, ಕೈಕೆಲಸದ ದೊಡ್ಡಸ್ತಿಕೆ ಓದುಗರಿಗೆ ಕಾಣುತ್ತದೆ.

ಆದರೆ ‘ಸ್ಟೈಲಿಂಗ್’ ಮತ್ತು ‘ಡಿಸೈನ್’ ಎರಡಕ್ಕೂ ‘ವಿನ್ಯಾಸ’ ಒಂದನ್ನೇ ಹಾಕಿದರೆ ಸಾಲದು. ಇ-ಟೈಪ್‌ನ ಗೆರೆಗಳು ಮಾಲ್ಕಂ ಸೇಯರ್ ಅವರವು. ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿ ಬಂದವರು, ಕಂಪ್ಯೂಟರ್ ನೆರವಿಲ್ಲದೆ ಲೆಕ್ಕ ಹಾಕಿ ಹಾಕಿ ಆ ಬಾಗುಗಳನ್ನು ತೆಗೆದರು. ಅವರನ್ನು ಸ್ಟೈಲಿಸ್ಟ್ ಅಂದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ಅತ್ತ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಹಾರ್ಲಿ ಅರ್ಲ್ 1927ರಿಂದ ನಡೆಸಿದ ವಿಭಾಗಕ್ಕೆ 1937ರಲ್ಲಿ ಸ್ಟೈಲಿಂಗ್ ಅಂತಲೇ ಹೆಸರಿಟ್ಟರು. 1953ರ ಕಾರ್ವೆಟ್ ಆ ವಿಭಾಗದ್ದು. ಇಬ್ಬರ ದಾರಿ ಬೇರೆ, ಒಂದೇ ಪದದಲ್ಲಿ ಇಬ್ಬರನ್ನೂ ಕಟ್ಟಿಹಾಕೋದು ನನಗೆ ಒಪ್ಪಿಗೆ ಇಲ್ಲ. ಕಾರು ಹೇಗೆ ಕಾಣುತ್ತದೆ ಅನ್ನೋದಕ್ಕೆ ‘ಮೈಕಟ್ಟು’, ಹೇಗೆ ಯೋಚಿಸಿ ಮಾಡಿದರು ಅನ್ನೋದಕ್ಕೆ ‘ವಿನ್ಯಾಸ’, ಹೀಗೆ ಇಟ್ಟುಕೊಂಡಿದ್ದೇನೆ. ಆದರೆ ಚೆಂದ ಕಾಣಲಿ ಅಂತ ಮಾಡುವ ಕೆಲಸಕ್ಕೆ, ಅಂದರೆ ಸ್ಟೈಲಿಂಗ್‌ಗೆ, ಇನ್ನೂ ಪದ ಸಿಕ್ಕಿಲ್ಲ. ‘ಅಲಂಕಾರ’ ಅಂದರೆ ಮದುವೆ ಕಾರಿಗೆ ಹೂ ಕಟ್ಟಿದ ಹಾಗಾಗುತ್ತದೆ.

ಕೊನೆಯದು ‘ಸ್ಟಾನ್ಸ್’, ಕಾರು ನೆಲದ ಮೇಲೆ ನಿಂತಿರುವ ರೀತಿ. ಚಕ್ರಗಳು ಎಷ್ಟು ಅಗಲಕ್ಕಿವೆ, ಮೈ ಎಷ್ಟು ತಗ್ಗಿದೆ, ಮೂತಿ ಬಗ್ಗಿದೆಯಾ, ಇದೆಲ್ಲ ಸೇರಿ. ‘ನಿಲುವು’ ಸರಿಯಾದ ಪದವೇ. ಆದರೆ ಈಗ ಸರ್ಕಾರದ ನಿಲುವು, ಪಕ್ಷದ ನಿಲುವು ಅಂತ ಕೇಳಿ ಕೇಳಿ ಜನಕ್ಕೆ ಅದು ಅಭಿಪ್ರಾಯ ಅಂತಲೇ ಕೇಳಿಸುತ್ತದೆ. ‘ಠೀವಿ’ ಅನ್ನೋಣವೇ? ಅದರಲ್ಲಿ ಹೊಗಳಿಕೆ ಜಾಸ್ತಿ, ಕೆಟ್ಟದಾಗಿ ನಿಂತ ಕಾರಿಗೆ ಬಳಸಲು ಬರಲ್ಲ.

ಹಾಗಾಗಿ ಮೂರು ಪದ ಬೇಕು: ಹಿಂಚಕ್ರದ ಮೇಲಿನ ತುಂಬಿದ ಭಾಗಕ್ಕೆ, ಸ್ಟೈಲಿಂಗ್‌ಗೆ, ನಿಂತ ರೀತಿಗೆ. ಚಪ್ಪೆ ಪದವನ್ನು ದನಗಳ ವಿಷಯದಲ್ಲಿ ನಿಮ್ಮ ಕಡೆ ಈಗಲೂ ಆಡ್ತಾರಾ, ಊರಿನ ಹೆಸರಿನ ಜೊತೆ ತಿಳಿಸಿ. ಕೊಡವ ತಕ್ಕ್, ಅರೆಭಾಷೆ ಮಾತಾಡುವವರು ನಿಮ್ಮ ಮನೆಮಾತಿನಲ್ಲಿ ದನದ ಆ ಭಾಗಕ್ಕೆ ಏನಂತೀರಿ ಅಂತಲೂ ಬರೆಯಿರಿ. ಚಪ್ಪೆಗಿಂತ ಒಳ್ಳೆಯದು ಸಿಕ್ಕರೆ ಅದನ್ನೇ ಹಾಕ್ತೀನಿ.